ಸತ್ತವರು ಮರಳಿದರೆ

ಸಾಹಸಚಿತ್ರಗಳ ವೀರರು ಆಗಾಗ ಮುಖ ಬದಲಿಸುವುದುಂಟು. ಅದನ್ನು ದೋಷವೆಂದು ನಾನು ಎಣಿಸಲಾರೆ. ನಮ್ಮ ಚನ್ನರಾಯನದುರ್ಗದ ಸೀಮೆಯ ಮೂಡಲಪಾಯದಲ್ಲಿ ಈ ವರ್ಷದ ಭೀಮನು ಬರುವ ವರ್ಷ ಬೇರೊಬ್ಬನಾದರೆ ಯಾರಾದರೂ ಎದ್ದುಹೋಗುವರೆ? ರಾಜಕುಮಾರರು 1968ರ ‘ಜೇಡರ ಬಲೆ’ಯಲ್ಲಿ ಸಿ.ಐ.ಡಿ. 999, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿಯೂ ಅದೇ ಅಂಕೆಯವರು. ಹತ್ತು ವರ್ಷವಾದರೂ ಬಡ್ತಿ ಏಕಾಗಲಿಲ್ಲವೆಂದು ಕೇಳಿದವರನ್ನು ನಾನಂತೂ ಕಾಣೆ.

ಮರಣದ ಮಾತು ಬೇರೆ. 2000ದಲ್ಲಿ ಮೊದಲಾದ ‘ಎಕ್ಸ್-ಮೆನ್’ ಚಿತ್ರಮಾಲೆಯನ್ನು ನನ್ನ ಮೊಮ್ಮಗನು ಕಳೆದ ಬೇಸಿಗೆಯ ರಜೆಯಲ್ಲಿ ಒಂದಾದ ಮೇಲೊಂದರಂತೆ ನೋಡಿದನು. 2006ರ ಚಿತ್ರದಲ್ಲಿ ಗುರು ಚಾರ್ಲ್ಸ್ ಝೇವಿಯರನು ಶಿಷ್ಯರ ಕಣ್ಣೆದುರಿಗೇ ಪುಡಿಪುಡಿಯಾದನು. ಹುಡುಗನು ಅತ್ತು ಆ ರಾತ್ರಿ ಊಟವನ್ನೇ ಬಿಟ್ಟನು. ಹೆಸರುಗಳೆಲ್ಲ ಮುಗಿದ ಮೇಲೆ, ಗುರುವಿನ ಚೇತನವು ಎಚ್ಚರತಪ್ಪಿದ ರೋಗಿಯೊಬ್ಬನ ದೇಹವನ್ನು ಸೇರಿತೆಂಬ ಸೂಚನೆಯೇನೋ ಇದೆ. ಇರಲಿ, ಪರಕಾಯಪ್ರವೇಶವು ನಮಗೆ ಹೊಸದಲ್ಲ. ಆದರೆ 2013ರ ‘ದಿ ವುಲ್ವರಿನ್’ನ ಕೊನೆಯಲ್ಲಿ ಆತನು ಹಳೆಯ ಮುಖದೊಡನೆಯೇ ಪ್ರತ್ಯಕ್ಷನಾದನು! ಇದೆಂತಾಯಿತೆಂದು ನಾಯಕನೇ ಬೆರಗಾಗಿ ಕೇಳುವನು; ನೆಟ್ಟನೆಯ ಉತ್ತರವು ಅಲ್ಲಿಲ್ಲ, 2014ರ ಚಿತ್ರದಲ್ಲಿಯೂ ಇಲ್ಲ.

“ಅಂದು ನಾನು ಅತ್ತದ್ದು ಸುಳ್ಳಾಯಿತಲ್ಲ, ತಾತ?” ಎಂದನು ಹುಡುಗ.

ಚಕ್ರವ್ಯೂಹದಲ್ಲಿ ಬಿದ್ದ ಅಭಿಮನ್ಯುವಿನ ವೇಷಧಾರಿಯು ಮರುದಿನ ಬಭ್ರುವಾಹನನಾಗಿ ಕುಣಿದಾನು, ಅಭಿಮನ್ಯುವಾದರೋ ಬಾರನು. ಪಟ್ಟವೇರುವವನು ಅವನ ಮಗನಾದ ಪರೀಕ್ಷಿತ. ಅದಕ್ಕೇ ನಮ್ಮ ಮುದುಕಿಯರು ನೂರನೆಯ ಸಲವೂ ಸೆರಗಿನಿಂದ ಕಣ್ಣೊರಸಿಕೊಳ್ಳುವುದು. ನಮ್ಮ ಹುಡುಗನಾದರೋ ಈಗ ಪರದೆಯ ಮೇಲೆ ಯಾರು ಸತ್ತರೂ ಕಡಲೆಪುರಿ ತಿನ್ನುತ್ತಲೇ ಇರುತ್ತಾನೆ.