ಎತ್ತಿನ ಬಾಯಿ, ಕಾರಿನ ಕಾಗದ

ನಮ್ಮ ತಂದೆಯವರು ಎತ್ತು ಕೊಳ್ಳುವ ಪರಿಯನ್ನು ನಾನು ಚಿಕ್ಕಂದಿನಲ್ಲಿ ಕಂಡವನು. ಸಂಕ್ರಾಂತಿಗೆ ವಿಜಯಪುರದಲ್ಲಿ ನೆರೆಯುವ ಸಿದ್ಧೇಶ್ವರನ ಜಾತ್ರೆಗೆಂದು ಮಸೂತಿಯಿಂದ ಹೊರಟರೆಂದರೆ ಎರಡು ದಿನ ಅವರಿಗೆ ಬೇರೆ ಧ್ಯಾನವೇ ಇಲ್ಲ. ಎತ್ತಿನ ತುಟಿ ಸರಿಸಿ ಹಲ್ಲು ಎಣಿಸುವರು; ಗೊರಸು ಎತ್ತಿ ನೋಡುವರು; ಕಣ್ಣೆದುರು ಕೈಯಾಡಿಸುವರು; ಅತ್ತಿತ್ತ ನಡೆಸುವರು. ಆಮೇಲೆ ದಲಾಲನ ಕೈಯೂ ಅವರ ಕೈಯೂ ಒಂದು ವಲ್ಲಿಯ ಮರೆಯಲ್ಲಿ ಕೂಡಿ, ಬೆರಳುಗಳೇ ಮಾತನಾಡಿ, ಬೆಲೆ ತೀರ್ಮಾನವಾಗುವುದು. ಕಾಗದವೂ ಇಲ್ಲ, ಸಹಿಯೂ ಇಲ್ಲ.

ಅಂಥವರ ಮಗನಾದ ನಾನು, ಎಂ.ಎ. ಪದವೀಧರ, ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕ, ಬಾಯಿ ನೋಡದೆ ಒಂದು ಹಳೆಯ ಕಾರನ್ನು ಕೊಂಡೆ. ಅದರ ಕಥೆಯಿದು.

ತಾಯಿಯವರಿಗೆ ಮೊಣಕಾಲಿನ ನೋವು. ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವ ನಮ್ಮೂರಿನಿಂದ ವಿಜಯಪುರದ ವೈದ್ಯರಲ್ಲಿಗೆ ತಿಂಗಳಿಗೆರಡು ಸಲ ಬಸ್ಸಿನಲ್ಲಿ ಬರುವುದು ಅವರಿಗೆ ಅಸಾಧ್ಯವಾಗಿತ್ತು. ನನ್ನ ಉಳಿತಾಯಕ್ಕೆ ಮನೆಯವಳ ಎರಡು ಬಳೆಗಳೂ ಸೇರಿ 3,10,000 ರೂಪಾಯಿಗಳಾದವು. ಹುಬ್ಬಳ್ಳಿಯ ಒಂದು ಮಳಿಗೆಯಲ್ಲಿ ಕಾರು ಸಿಕ್ಕಿತು. ಅಲ್ಲಿನ ಮಾರಾಟಗಾರ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ. ಕಾಗದಗಳ ಕಂತೆಯನ್ನು ಮುಂದಿಟ್ಟಾಗ ನಾನು ಕನ್ನಡಕ ಹುಡುಕತೊಡಗಿದೆ.

“ಸರ್, ನೀವೇನ್ ಓದ್ತೀರಿ ಬಿಡ್ರಿ, ನಾ ಅದೀನಲ್ಲ. ಆರು ತಿಂಗಳ ವಾರಂಟಿ ಐತ್ರಿ, ಇಂಜಿನ್‌ಗೂ ಗೇರ್‌ಬಾಕ್ಸಿಗೂ,” ಎಂದ.

ಪಠ್ಯವನ್ನು ಓದದೆ ಬರುವ ವಿದ್ಯಾರ್ಥಿಗಳನ್ನು ಗದರಿಸುವ ನಾನು ಏಳು ಕಡೆ ಓದದೆ ಸಹಿ ಹಾಕಿದೆ. ಜೊತೆಗೆ ಒಂದು ತಪಾಸಣೆಯ ಹಾಳೆಯನ್ನೂ ಕೊಟ್ಟರು. ಅದರಲ್ಲಿ ‘ಗೇರ್‌ಬಾಕ್ಸ್’ ಎಂಬುದರ ಮುಂದೆ ‘ಉತ್ತಮ’ ಎಂದು ಗುರುತು ಮಾಡಿತ್ತು.

ಮೂರನೆಯ ತಿಂಗಳು, ಬಿರುಬಿಸಿಲಿನ ಒಂದು ಮಧ್ಯಾಹ್ನ, ತಾಯಿಯವರನ್ನು ಊರಿಗೆ ಬಿಡಲು ಹೋಗುತ್ತಿದ್ದಾಗ ಕಾರು ಕಲ್ಲು ಅರೆಯುವಂಥ ಸದ್ದು ಮಾಡಿ ನಿಂತುಬಿಟ್ಟಿತು. ಯಾವ ಗೇರೂ ಬೀಳದು. ನೆರಳಿಲ್ಲದ ರಸ್ತೆಯಲ್ಲಿ ತಾಯಿಯವರು ಸೆರಗನ್ನು ತಲೆಯ ಮೇಲೆಳೆದುಕೊಂಡು ಎರಡು ತಾಸು ಕುಳಿತರು. ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಳಿಗೆಯವರು ಹೇಳಿದ ವಿಜಯಪುರದ ಕಾರ್ಯಾಗಾರಕ್ಕೇ ಕಾರನ್ನು ಎಳೆಸಿಕೊಂಡು ಹೋದೆ. ಅವರದೇ ಮಿಸ್ತ್ರಿ ಗೇರ್‌ಬಾಕ್ಸನ್ನು ಬಿಚ್ಚಿದ. ಒಳಗಿನ ಒಂದು ಬೇರಿಂಗು ಒಡೆದು, ಅದರ ಚೂರುಗಳು ಹಲ್ಲುಚಕ್ರಗಳನ್ನು ತಿಂದುಹಾಕಿದ್ದವು. “ಇದನ್ನ ಮೊದಲೊಮ್ಮೆ ಯಾರೋ ಬಿಚ್ಚ್ಯಾರ್ರಿ ಸರ್,” ಎಂದು ಜೋಡಣೆಯ ಅಂಚಿನಲ್ಲಿದ್ದ ಎರಡು ಬಣ್ಣದ ಅಂಟನ್ನು ತೋರಿಸಿದ. ಅದನ್ನು ಚೀಟಿಯಲ್ಲಿ ಬರೆಯಲು ಕೇಳಿದೆ, ಪುಣ್ಯಾತ್ಮ ಬರೆದುಕೊಟ್ಟ.

ನಾಲ್ಕು ದಿನಗಳ ಮೇಲೆ ಮಳಿಗೆಯಿಂದ ಒಂದು ಸಾಲಿನ ಉತ್ತರ ಬಂತು: ದೋಷವು ಸಹಜ ಸವೆತದಿಂದ ಆದದ್ದು, ಸವೆತಕ್ಕೆ ವಾರಂಟಿ ಅನ್ವಯಿಸದು. ರಿಪೇರಿಯ ಖರ್ಚು 46,000 ರೂಪಾಯಿ.

ಆ ರಾತ್ರಿ ಮೊದಲ ಬಾರಿಗೆ ಆ ಕಾಗದಗಳನ್ನೆಲ್ಲ ಓದಿದೆ. ಸವೆತದ ಮಾತು ನಿಜವಾಗಿಯೂ ಇತ್ತು, ಇರುವೆಯಂಥ ಅಕ್ಷರಗಳಲ್ಲಿ. ಮನಸ್ಸು ಕುಗ್ಗಿತು. ತಂದೆಯವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ:

“ಮಾರೂ ಮುಂದ ಅವರು ಹಲ್ಲು ನೋಡಿದ್ದರೇನಪಾ?”

ನೋಡಿದ್ದರು! ಅಥವಾ ನೋಡಿದೆವೆಂದು ಬರೆದುಕೊಟ್ಟಿದ್ದರು. ತಪಾಸಣೆಯ ಹಾಳೆ ನನ್ನ ಕೈಯಲ್ಲಿಯೇ ಇತ್ತು. ವಾದವೆಲ್ಲ ಅಲ್ಲಿಯೇ ಅಡಗಿತ್ತು. ಹಾಳೆ ನಿಜವಾದರೆ, ಉತ್ತಮವಾಗಿದ್ದ ಗೇರ್‌ಬಾಕ್ಸು ಮೂರು ತಿಂಗಳಲ್ಲಿ, 2,400 ಕಿಲೋಮೀಟರಿನಲ್ಲಿ, ಸವೆದು ಒಡೆಯಲಾರದು. ಆಗ ಸವೆತದ ಮಾತು ಸುಳ್ಳು. ಸವೆತ ನಿಜವಾದರೆ, ಅದು ಮಾರುವ ದಿನವೇ ಇದ್ದಿರಬೇಕು. ಆಗ ಹಾಳೆ ಸುಳ್ಳು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಹೊಣೆ ಅವರದೇ.

ಕಾನೂನೂ ಇದಕ್ಕೆ ಹೊರತಾಗಿರಲಿಲ್ಲ. ಕೊಳ್ಳುವವನೇ ಎಚ್ಚರದಿಂದಿರಬೇಕೆಂಬುದು ಹಳೆಯ ನೀತಿ. ಆದರೆ 1930ರ ಸರಕುಗಳ ಮಾರಾಟದ ಕಾಯಿದೆಯೇ ಅದಕ್ಕೆ ಅಪವಾದಗಳನ್ನು ಹೇಳಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಗುತ್ತದೆ. ತಕ್ಕ ಪರೀಕ್ಷೆಯ ಆಧಾರವಿಲ್ಲದೆ ಒಂದು ವಸ್ತುವಿನ ಬಾಳಿಕೆಗೆ ವಾರಂಟಿ ಕೊಡುವುದು ಅನುಚಿತ ವ್ಯಾಪಾರ. ಪರೀಕ್ಷೆ ಮಾಡಿದ್ದೆವೆಂದು ಮಾರಿದವನು ಹೇಳಿದರೆ ಅದನ್ನು ಸಾಧಿಸಿ ತೋರಿಸುವ ಭಾರವೂ ಅವನದೇ. ತಂದೆಯವರ ಪ್ರಶ್ನೆಯನ್ನೇ ಕಾಯಿದೆ ಬೇರೆ ಮಾತಿನಲ್ಲಿ ಕೇಳುತ್ತಿತ್ತು.

ತಾಯಿಯವರಿಗಾಗಿ ಕಾರು ಬೇಕೇ ಬೇಕಾಗಿತ್ತು. ಸಾಲ ಮಾಡಿ ರಿಪೇರಿ ಮಾಡಿಸಿದೆ. ಅದಕ್ಕೆ ಮೊದಲು ಬಿಚ್ಚಿದ ಭಾಗಗಳ ಚಿತ್ರ ತೆಗೆಸಿ, ಒಡೆದ ಬೇರಿಂಗನ್ನು ಕೇಳಿ ಪಡೆದು ಊಟದ ಡಬ್ಬಿಯೊಂದರಲ್ಲಿಟ್ಟೆ. 1915ರ ಗ್ರಾಹಕ ಸಹಾಯವಾಣಿಗೆ ದೂರು ಹೇಳಿದೆ. ಮಳಿಗೆಗೆ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳುಹಿಸಿ ಹದಿನೈದು ದಿನಗಳ ಗಡುವು ಕೊಟ್ಟೆ.

ಗಡುವು ತೀರುವ ಮುನ್ನ ಒಂದು ರಾತ್ರಿ ಆ ಹುಡುಗನ ಫೋನು ಬಂತು.

“ಸರ್, ನನ್ನ ಹೆಸರು ಬರೀಬ್ಯಾಡ್ರಿ. ನೌಕರಿ ಹೋಗ್ತೈತ್ರಿ. ಬೇಕಂದ್ರ ನನ್ನ ಪಗಾರದಾಗಿಂದ ತಿಂಗಳಾ ಒಂದಿಷ್ಟು ಕೊಡ್ತೀನ್ರಿ.”

ನನಗೆ ಕ್ಷಣಕಾಲ ಮಾತೇ ಹೊರಡಲಿಲ್ಲ. ಅವನ ಮದುವೆ ಗೊತ್ತಾಗಿತ್ತೆಂದು ಕೇಳಿದ್ದೆ. ದೂರನ್ನೇ ಬಿಟ್ಟುಬಿಡಲೇ ಎಂದೆನಿಸಿದ್ದೂ ಉಂಟು. ಆದರೆ ಬಿಟ್ಟರೆ ಇನ್ನೊಬ್ಬರ ತಾಯಿ ಇನ್ನೊಂದು ಬಿಸಿಲಿನಲ್ಲಿ ಕುಳಿತಿರುವರು. ಆ ಕಾಗದಕ್ಕೂ ಇಂಥವನೇ ಒಬ್ಬ ಹುಡುಗ ಸಾಕ್ಷಿಯಾಗುವನು.

“ನಿನ್ನ ಹೆಸರು ಬರಿಯೂದಿಲ್ಲಪಾ, ನಿನ್ನ ರೊಕ್ಕಾನೂ ಬ್ಯಾಡ. ಹಾಳಿ ಮ್ಯಾಲೆ ಏನೈತೋ ಅಷ್ಟ ಬರೀತೀನಿ,” ಎಂದೆ.

ಮಳಿಗೆಯವರಿಂದ ಉತ್ತರ ಬರಲಿಲ್ಲ. ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಿದೆ. ಮಾರಿದವರು ಹುಬ್ಬಳ್ಳಿಯವರಾದರೂ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂಬುದು 2019ರ ಕಾಯಿದೆ ತಂದ ಉಪಕಾರ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ವಕೀಲರೂ ಕಡ್ಡಾಯವಲ್ಲ; ತಂಟೆ ಹುಟ್ಟಿದ ಎರಡು ವರ್ಷಗಳೊಳಗೆ ಹೋದರಾಯಿತು. ದೂರನ್ನು ನಾನೇ ಬರೆದೆ. ಇಷ್ಟು ವರ್ಷ ಕನ್ನಡ ಬೋಧಿಸಿದ್ದರೂ ಒಂದು ವಿಶೇಷಣವೂ ಇಲ್ಲದೆ ಎರಡು ಪುಟ ಬರೆಯುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಕೋಪದ ಮಾತುಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ತಾರೀಖುಗಳು, ಹಾಳೆ, ಚೀಟಿ, ಬೇರಿಂಗು.

ಎರಡನೆಯ ವಿಚಾರಣೆಯ ದಿನ ಮಳಿಗೆಯ ವಕೀಲರು ರಾಜಿಗೆ ಒಪ್ಪಿದರು. ರಿಪೇರಿಯ 46,000 ರೂಪಾಯಿಗಳನ್ನೂ ಖರ್ಚಿಗೆಂದು ಮತ್ತೆ 5,000 ರೂಪಾಯಿಗಳನ್ನೂ ಕೊಟ್ಟರು. ನಾನು ಗೆದ್ದೆನೆನ್ನಲಾರೆ. ಬಳೆಗಳು ತಿರುಗಿ ಬರಲಿಲ್ಲ. ಓಡಾಟದ ದಿನಗಳೂ ಬರಲಿಲ್ಲ. ಹುಡುಗನ ನೌಕರಿ ಉಳಿಯಿತು. ಮದುವೆಯ ಕರೆಯೋಲೆ ಬಂತು, ಹೋಗಿಬಂದೆ. ಊಟದ ಪಂಕ್ತಿಯಲ್ಲಿ ಅವನೇ ಬಗ್ಗಿ ಹೋಳಿಗೆ ಬಡಿಸುತ್ತ, “ಈಗ ಬಂದವರಿಗೆಲ್ಲ ಓದಿ ಸಹಿ ಮಾಡ್ರಿ ಅಂತೀನ್ರಿ ಸರ್,” ಎಂದು ಮೆಲ್ಲಗೆ ಹೇಳಿದ.

ಕಳೆದ ಅಮಾವಾಸ್ಯೆಗೆ ಊರಿಗೆ ಹೋದಾಗ ಡಬ್ಬಿಯನ್ನು ತಂದೆಯವರ ಮುಂದಿಟ್ಟೆ. ಗುಂಡುಗಳು ಉದುರಿ ಬೊಚ್ಚಾಗಿದ್ದ ಬೇರಿಂಗನ್ನು ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು.

“ಮುದಿ ಎತ್ತು ಮಾರ್ಯಾರ ನಿನಗ,” ಎಂದರು. ತುಸು ಹೊತ್ತಿನ ಮೇಲೆ, “ಮುದಿ ಎತ್ತು ಮಾರೂದು ತಪ್ಪಲ್ಲ ತಮ್ಮಾ. ಮುದಿ ಐತಿ ಅಂತ ಹೇಳಿ ಮಾರಬೇಕು,” ಎಂದರು.

ಕಾಯಿದೆಯ ಪುಸ್ತಕದಲ್ಲಿ ನಾನು ಅಷ್ಟು ದಿನ ಹುಡುಕಿದ್ದು ಆ ಒಂದು ಮಾತನ್ನೇ.