ಉಳಿದ 7 ವೋಲ್ಟು ಎಲ್ಲಿಗೆ ಹೋಯಿತು?

ಮಕ್ಕಳು ಮನೆಯಲ್ಲಿಯೇ ಪುಟ್ಟ ಎಲೆಕ್ಟ್ರಾನಿಕ್ ಉಪಕರಣಗಳನ್ನು ಜೋಡಿಸುವುದು ಸಂತೋಷದ ಸಂಗತಿ. ಆದರೆ ಅವುಗಳ ಬಿಸಿಯನ್ನು ಹಿರಿಯರು ಅಲಕ್ಷಿಸಲಾಗದು. ನನ್ನ ಮೊಮ್ಮಗನು ಹಳೆಯ 12 ವೋಲ್ಟಿನ ಅಡಾಪ್ಟರಿಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರನ್ನು ಬೆಸೆದು, 5 ವೋಲ್ಟಿನ ಎಲ್.ಇ.ಡಿ. ದೀಪವೊಂದನ್ನು ಬೆಳಗಿಸಿದನು. ರೆಗ್ಯುಲೇಟರನ್ನು ಸೋಪಿನ ಡಬ್ಬಿಯಲ್ಲಿ ಮುಚ್ಚಿ ತಲೆದಿಂಬಿನ ಪಕ್ಕದಲ್ಲಿಯೇ ಇರಿಸಿಕೊಂಡಿದ್ದನು! ದೀಪವು ಆಗಾಗ ಆರಿ, ತಾನಾಗಿಯೇ ಮತ್ತೆ ಬೆಳಗುತ್ತಿತ್ತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ಸೊಸೆಯ ದೂರು.

ಮಾಲು ಕೆಟ್ಟಿರಲಿಲ್ಲ. 12ರಲ್ಲಿ 5 ಕಳೆದು ಉಳಿಯುವ 7 ವೋಲ್ಟು ಮಾಯವಾಗದು. ದೀಪವು ಅರ್ಧ ಆಂಪಿಯರ್ ಎಳೆಯುವಾಗ ಅದು 3.5 ವ್ಯಾಟ್ ಶಾಖವಾಗಿ ರೆಗ್ಯುಲೇಟರಿನಲ್ಲಿಯೇ ಹುಟ್ಟುತ್ತದೆ. ಹೀಟ್ ಸಿಂಕ್ ಇಲ್ಲದಿದ್ದರೆ ಒಂದೊಂದು ವ್ಯಾಟಿಗೂ ಅದರ ಒಡಲು ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯುತ್ತದೆ. ಸುಟ್ಟುಹೋಗುವ ಮುನ್ನ ಅದು ತಾನೇ ಕೆಲಸ ನಿಲ್ಲಿಸಿ, ತಣಿದ ಮೇಲೆ ಮತ್ತೆ ಆರಂಭಿಸುತ್ತದೆ. ದೀಪದ ಕಣ್ಣುಮುಚ್ಚಾಲೆಗೆ ಇದೇ ಕಾರಣ.

ದೊಡ್ಡ ಹೀಟ್ ಸಿಂಕ್ ಬಿಗಿದರಾಯಿತೆಂಬುದು ಸಾಮಾನ್ಯ ಸಲಹೆ. ನನ್ನ ಮತದಲ್ಲಿ ಅದು ಎರಡನೆಯ ಕೆಲಸ. ಮೊದಲು ಹುಟ್ಟುವ ಬಿಸಿಯನ್ನೇ ತಗ್ಗಿಸಬೇಕು. 9 ವೋಲ್ಟು ಒದಗಿಸಿದರೆ ಅದೇ ದೀಪಕ್ಕೆ 2 ವ್ಯಾಟ್ ಮಾತ್ರ ವ್ಯರ್ಥ. 7805ಕ್ಕೆ 5ರ ಮೇಲೆ ಸುಮಾರು 2 ವೋಲ್ಟು ಬೇಕಾದುದರಿಂದ ತೀರಾ ಇಳಿಸಲೂ ಆಗದು. ಈ 2 ವ್ಯಾಟಿಗೂ ಅಲ್ಯೂಮಿನಿಯಂ ಹೀಟ್ ಸಿಂಕ್ ಬೇಕೇ ಬೇಕು. ನಡುವೆ ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಬೇಕು. ಡಬ್ಬಿಗೆ ಕೆಳಗೂ ಮೇಲೂ ರಂಧ್ರಗಳಿರಲಿ, ಹಾಸಿಗೆ ಬಟ್ಟೆಗಳಿಂದ ಅದು ದೂರವಿರಲಿ. ಅಂದಹಾಗೆ, ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳು ಮೇಲೆ ಬರೆದುದಕ್ಕಿಂತ ಹೆಚ್ಚು ವೋಲ್ಟು ಕೊಡುವುದುಂಟು. ಮೀಟರಿನಿಂದ ಅಳೆದು ನೋಡಿರಿ.