ಜಲಾಶಯದೊಳಗಿನ ಮನೆ

2017ರ ಆಗಸ್ಟ್ 25, ಶುಕ್ರವಾರ. ಗಣೇಶ ಚೌತಿ. ಅದೇ ರಾತ್ರಿ ಹಾರ್ವಿ ಚಂಡಮಾರುತ ಟೆಕ್ಸಾಸ್ ಕರಾವಳಿಯ ರಾಕ್‌ಪೋರ್ಟ್ ಬಳಿ ದಡ ಸೇರಿತು. ಗಾಳಿಯ ವೇಗ ಗಂಟೆಗೆ ಸುಮಾರು 210 ಕಿ.ಮೀ. ನಾವಿದ್ದದ್ದು ಅಲ್ಲಿಂದ ಇನ್ನೂರು ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಹೂಸ್ಟನ್‌ನ ಪಶ್ಚಿಮಕ್ಕೆ, ಕೇಟಿ ಸಮೀಪದ ಒಂದು ಬಡಾವಣೆಯಲ್ಲಿ. ನಮಗೆ ಗಾಳಿಯ ಕಾಟವಿಲ್ಲ, ಮಳೆ ಮಾತ್ರ ಜೋರಾಗಿರುತ್ತದೆ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು.

ಮನೆಯಲ್ಲಿ ನಾವು ನಾಲ್ವರು. ನಾನು, ನಮ್ಮವರು, ಏಳು ವರ್ಷದ ಮಗಳು, ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಪೂಜೆ ಮುಗಿಸಿ, ಕಡುಬು ತಿಂದು, ಸಂಜೆಯೇ ಬಕೆಟ್‌ನಲ್ಲಿ ಗಣಪತಿ ಬಿಟ್ಟೆವು. ಅಂಗಡಿಯಲ್ಲಿ ಬ್ರೆಡ್ಡು, ನೀರಿನ ಬಾಟಲಿ ಎರಡೂ ಖಾಲಿಯಾಗಿದ್ದವು. ಸ್ನಾನದ ತೊಟ್ಟಿ ತುಂಬಿಸಿಟ್ಟೆವು.

ಹೂಸ್ಟನ್ ಬಿಟ್ಟು ಹೊರಡಿ ಎಂಬ ಆದೇಶ ಇರಲಿಲ್ಲ. 2005ರಲ್ಲಿ ರೀಟಾ ಚಂಡಮಾರುತ ಬಂದಾಗ ಲಕ್ಷಾಂತರ ಜನ ಒಟ್ಟಿಗೆ ಹೊರಟು ಹೆದ್ದಾರಿಯಲ್ಲಿ ಸಿಕ್ಕಿಬಿದ್ದಿದ್ದರು. ಬಿಸಿಲಿಗೆ, ಅಪಘಾತಕ್ಕೆ ಎಷ್ಟೋ ಜನ ದಾರಿಯಲ್ಲೇ ಸತ್ತಿದ್ದರು. ಹಳಬರಿಗೆ ಅದು ನೆನಪಿತ್ತು. ಮನೆಯಲ್ಲೇ ಇರುವುದು ಕ್ಷೇಮ ಎಂದರು. ನಾವೂ ಇದ್ದೆವು.

ಶನಿವಾರ ರಾತ್ರಿ ಮಳೆ ಹಿಡಿಯಿತು. ಚಂಡಮಾರುತ ಮುಂದೆ ಹೋಗದೆ ಅಲ್ಲೇ ಸುತ್ತುತ್ತಾ ನಿಂತಿತ್ತು. ಸಮುದ್ರದ ನೀರನ್ನು ಎಳೆದು ತಂದು ನಮ್ಮ ಮೇಲೆ ಸುರಿಯುತ್ತಿತ್ತು. ಅತ್ತೆ ಮಳೆಗೆ ಹೆದರುವವರಲ್ಲ. ಹುಟ್ಟಿದ್ದು ಬೆಳೆದದ್ದು ಮಲೆನಾಡಿನಲ್ಲಿ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತರು.

ನಮ್ಮನ್ನು ಹೆದರಿಸಿದ್ದು ಸುಂಟರಗಾಳಿಯ ಎಚ್ಚರಿಕೆ. ನಡುರಾತ್ರಿ ಫೋನುಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು. ಈ ಕಡೆಯ ಮನೆಗಳಿಗೆ ನೆಲಮಾಳಿಗೆ ಇಲ್ಲ. ಕಿಟಕಿ ಇಲ್ಲದ ಒಳಕೋಣೆಯಲ್ಲಿ ಕೂರಬೇಕು. ಮೆಟ್ಟಿಲಿನ ಕೆಳಗಿನ ಸಾಮಾನು ಕೋಣೆಯಲ್ಲಿ ನಾಲ್ವರೂ ದಿಂಬು ತಲೆಯ ಮೇಲಿಟ್ಟುಕೊಂಡು ಕುಳಿತೆವು. ಎಚ್ಚರಿಕೆ ಮುಗಿದರೆ ಹೊರಗೆ ಬರುವುದು, ಮತ್ತೆ ಫೋನು ಕೂಗಿದರೆ ಒಳಗೆ ಹೋಗುವುದು. ಮಗಳು ಅಲ್ಲೇ ನಿದ್ದೆ ಹೋದಳು. ನನಗೆ ಬಾಯಿ ಒಣಗಿತ್ತು. ಸುಂಟರಗಾಳಿ ನಮ್ಮ ಬೀದಿಗೆ ಬರಲಿಲ್ಲ.

ಭಾನುವಾರ ಬೀದಿ ತುಂಬಿತು, ಇಳಿಯಿತು, ಮತ್ತೆ ತುಂಬಿತು. ಇಳಿದಾಗಲೆಲ್ಲ ಸಮಾಧಾನವಾಗುತ್ತಿತ್ತು. ಸೋಮವಾರ ನೀರು ಇಳಿಯಲಿಲ್ಲ. ಬೀದಿಯ ಚರಂಡಿ ಬಾಯಿಗಳು ನೀರನ್ನು ಒಳಗೆ ಎಳೆದುಕೊಳ್ಳುವ ಬದಲು ಹೊರಗೆ ಉಕ್ಕಿಸುತ್ತಿದ್ದವು. ಕೆಳಗಿನ ಅಂತಸ್ತಿನಲ್ಲಿ ಕೈಗೆ ಬಂದದ್ದನ್ನೆಲ್ಲ ಮೇಲಕ್ಕೆ ಸಾಗಿಸಿದೆವು. ಪಾಸ್‌ಪೋರ್ಟ್, ಅಕ್ಕಿ, ದೇವರ ಪೆಟ್ಟಿಗೆ, ಮಗಳ ಪುಸ್ತಕಗಳು. ಸೋಫಾ, ಮಂಚ, ಫ್ರಿಜ್ ಎತ್ತಲಾಗಲಿಲ್ಲ.

ಆ ರಾತ್ರಿ ಗ್ಯಾರೇಜಿಗೆ ನೀರು ಬಂತು. ಬಾಗಿಲ ಸಂದಿಗೆ ಟವಲು ತುರುಕಿದೆವು. ಬೆಳಗಿನ ಜಾವ ನೀರು ನೆಲದಿಂದಲೇ, ಗೋಡೆಯ ಬುಡದಿಂದ ಒಸರತೊಡಗಿತು. ಸದ್ದಿಲ್ಲ, ಸೆಳವಿಲ್ಲ. ನಿಧಾನವಾಗಿ ಏರುತ್ತಿತ್ತು. ನಮ್ಮವರು ಮೆಟ್ಟಿಲ ಪಕ್ಕದ ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದರು. ಗೆರೆಗಳು ಮುಳುಗುತ್ತಿದ್ದವು. ಕರೆಂಟು ಹೋಯಿತು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮಳೆ ತೆಳುವಾಯಿತು. ನೀರು ಏರುತ್ತಲೇ ಇತ್ತು. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು.

“ಮಳೆ ಬಿಟ್ಟ ಮೇಲೂ ಏರ್ತದಲ್ಲ ಮಾರಾಯ್ತಿ, ಎಲ್ಲಿಂದ ಬರ್ತದೆ ಇದು?” ಎಂದು ಕೇಳಿದರು.

“ಗೊತ್ತಿಲ್ಲ ಅತ್ತೆ” ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಹಡಿಯಲ್ಲೇ ಉಳಿಯಬಹುದು ಎಂದುಕೊಂಡಿದ್ದೆವು. ಆದರೆ ಶೌಚಾಲಯದಲ್ಲಿ ಕೊಳಚೆ ಹಿಂದಕ್ಕೆ ಉಕ್ಕಿತು. ಫ್ಲಾಸ್ಕಿನಲ್ಲಿ ಇನ್ಸುಲಿನ್ ಜೊತೆ ಇಟ್ಟಿದ್ದ ಐಸು ಕರಗುತ್ತಾ ಬಂದಿತ್ತು. ಮನೆ ಬಿಡಿ ಎಂಬ ಸೂಚನೆಯೂ ಫೋನಿಗೆ ಬಂತು. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಗಂಟೆ ಬಾರಿಸುತ್ತಲೇ ಇತ್ತು. ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿದೆವು.

ಸಂಜೆಗೆ ಮೀನು ಹಿಡಿಯುವ ಒಂದು ದೋಣಿ ಬೀದಿಯಲ್ಲಿ ಬಂತು. ಅದರಲ್ಲಿ ಇಬ್ಬರಿದ್ದರು. ಸರ್ಕಾರದವರಲ್ಲ, ಲೂಸಿಯಾನದಿಂದ ಸ್ವಂತ ದೋಣಿ ಎಳೆದುಕೊಂಡು ಬಂದವರು. ಒಬ್ಬರು ನೀರಿಗಿಳಿದು, ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿ ದೋಣಿಯಲ್ಲಿ ಕೂರಿಸಿದರು. ಪರಪುರುಷನ ಕೈ ಹಿಡಿದು ಅಭ್ಯಾಸವಿಲ್ಲದ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನಾನು ಇಳಿದಾಗ ನೀರು ಸೊಂಟಕ್ಕೆ ಬಂತು. ಪೆಟ್ರೋಲು, ಕೊಳಚೆ ಎರಡರ ವಾಸನೆಯೂ ಇತ್ತು. ಕೆಂಪಿರುವೆಗಳು ಮುದ್ದೆಯಾಗಿ ತೇಲುತ್ತಿದ್ದವು. ಅವು ತಗಲಿದರೆ ಮೈಗೆಲ್ಲ ಹತ್ತುತ್ತವೆ ಎಂದು ದೋಣಿಯವರು ಹುಟ್ಟಿನಿಂದ ದೂರ ತಳ್ಳಿದರು. ನಮ್ಮ ಕಾರಿನ ಮೇಲ್ಛಾವಣಿ ಮಾತ್ರ ಕಾಣುತ್ತಿತ್ತು.

ನಮ್ಮವರು ಹಣ ಕೊಡಲು ಹೋದರು. ಅವರು ತೆಗೆದುಕೊಳ್ಳಲಿಲ್ಲ. ಹೋದ ವರ್ಷ ಇದೇ ತಿಂಗಳಲ್ಲಿ ಬ್ಯಾಟನ್ ರೂಜ್‌ನಲ್ಲಿ ನಮ್ಮ ಮನೆ ಮುಳುಗಿತ್ತು ಎಂದಷ್ಟೇ ಹೇಳಿದರು. ಅವರ ಹೆಸರು ಕೇಳಲೂ ನನಗೆ ಹೊಳೆಯಲಿಲ್ಲ.

ಒಂದು ಶಾಲೆಯ ಆಟದ ಹಾಲ್‌ನಲ್ಲಿ ಇಳಿಸಿದರು. ಅಲ್ಲಿ ಸ್ವಯಂಸೇವಕಿಯಾಗಿದ್ದ ನರ್ಸ್ ಒಬ್ಬಳು ಅತ್ತೆಯ ಸಕ್ಕರೆ ಪರೀಕ್ಷಿಸಿದಳು. ಇನ್ಸುಲಿನ್ ಸೀಸೆಗೆ ಚೀಟಿ ಅಂಟಿಸಿ ಶಾಲೆಯ ಅಡುಗೆಮನೆಯ ಫ್ರಿಜ್‌ನಲ್ಲಿಟ್ಟಳು. ಯಾರೋ ಒಣ ಕಾಲುಚೀಲ ಕೊಟ್ಟರು. ಆಗ ಮಾತ್ರ ನನಗೆ ಅಳು ಬಂತು. ರಸ್ತೆ ತೆರೆದ ಮೇಲೆ, ನೀರು ಬಾರದ ಬಡಾವಣೆಯಲ್ಲಿದ್ದ ಒಂದು ಕನ್ನಡ ಕುಟುಂಬ ನಮ್ಮನ್ನು ಕರೆದೊಯ್ದಿತು. ಅವರ ಮನೆಯಲ್ಲಿ ಆಗಲೇ ಇನ್ನೊಂದು ಕುಟುಂಬವಿತ್ತು. ದೊಡ್ಡ ಪಾತ್ರೆಯಲ್ಲಿ ಅನ್ನ, ತಿಳಿಸಾರು ಮಾಡಿದ್ದರು. ಅತ್ತೆ ಎರಡು ಸಲ ಬಡಿಸಿಕೊಂಡರು.

ಬುಧವಾರ ಬಿಸಿಲು ಬಂತು. ಆದರೂ ನಮ್ಮ ಬಡಾವಣೆಯ ನೀರು ಇಳಿಯಲು ಎಷ್ಟೋ ದಿನ ಬೇಕಾಯಿತು.

ವಾಪಸು ಹೋದಾಗ ಬಾಗಿಲು ಊದಿಕೊಂಡಿತ್ತು. ಭುಜ ಕೊಟ್ಟು ತಳ್ಳಿದೆವು. ಮೊದಲು ಬಂದದ್ದು ವಾಸನೆ. ಫ್ರಿಜ್ ಮಗುಚಿ ಬಿದ್ದಿತ್ತು. ಗೋಡೆಯ ಮೇಲೆ ನನ್ನ ಎದೆಯ ಮಟ್ಟದವರೆಗೆ ಕಪ್ಪು, ಹಸಿರು ಬೂಸ್ಟು ಹಬ್ಬಿತ್ತು. ಇಲ್ಲಿಯ ಒಳಗೋಡೆ ಇಟ್ಟಿಗೆಯದಲ್ಲ, ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ನೀರು ಹೀರಿದರೆ ಕಿತ್ತೇ ತೆಗೆಯಬೇಕು. ಮುಖಕ್ಕೆ ಮಾಸ್ಕ್ ಹಾಕಿ, ಸುತ್ತಿಗೆ, ಸನಿಕೆ ಹಿಡಿದು ಕಿತ್ತೆವು. ಒಂದು ದಿನ ಹತ್ತಿರದ ಚರ್ಚಿನ ಹುಡುಗರು ಬಂದರು. ಮರುದಿನ ಮಸೀದಿಯಿಂದ ಬಂದವರು ನೆಲದ ಹಲಗೆ ಎತ್ತಿದರು. ದೇವಸ್ಥಾನದಿಂದ ಊಟದ ಪೊಟ್ಟಣ ಬರುತ್ತಿತ್ತು. ಬೀದಿಯುದ್ದಕ್ಕೂ ಪ್ರತಿ ಮನೆಯ ಮುಂದೆ ಆಳೆತ್ತರದ ರಾಶಿ. ನಮ್ಮ ರಾಶಿಯಲ್ಲಿ ನನ್ನ ಧಾರೆ ಸೀರೆ ಇತ್ತು, ಅಪ್ಪನ ಪತ್ರಗಳಿದ್ದವು.

ಮನೆಗೆ ವಿಮೆ ಇತ್ತು. ಆ ವಿಮೆ ಪ್ರವಾಹಕ್ಕೆ ಅನ್ವಯಿಸುವುದಿಲ್ಲ. ಪ್ರವಾಹದ ವಿಮೆ ಬೇರೆ. ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಅಧಿಕೃತ ನಕ್ಷೆಯಲ್ಲಿ ನಮ್ಮ ಬೀದಿ ಇರಲಿಲ್ಲ. ಹಾಗಾಗಿ ಸಾಲ ಕೊಟ್ಟ ಬ್ಯಾಂಕು ಅದನ್ನು ಕೇಳಿರಲಿಲ್ಲ. ಆ ವರ್ಷ ಕೇಂದ್ರದ ವಿಪತ್ತು ನಿಧಿಯಿಂದ ಒಂದು ಕುಟುಂಬಕ್ಕೆ ಸಿಗಬಹುದಾಗಿದ್ದ ಗರಿಷ್ಠ ಮೊತ್ತ 33,300 ಡಾಲರ್. ನಮಗೆ ಅಷ್ಟು ಸಿಗಲಿಲ್ಲ. ಉಳಿದದ್ದು ಸಾಲ. ಮನೆಯ ಕಂತು, ಬಾಡಿಗೆ ಮನೆಯ ಬಾಡಿಗೆ ಎರಡನ್ನೂ ಕಟ್ಟುತ್ತಾ ತಿಂಗಳುಗಳು ಹೋದವು. ಮಗಳು ಮಳೆ ಬಂದರೆ ಚೀಲ ಕಟ್ಟಿಟ್ಟುಕೊಳ್ಳುತ್ತಿದ್ದಳು.

ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಮೇಲೆ, ಬಡಾವಣೆಯವರ ಸಭೆಯಲ್ಲಿ.

1929 ಮತ್ತು 1935ರಲ್ಲಿ ಹೂಸ್ಟನ್ ಮುಳುಗಿತ್ತು. ನಗರವನ್ನು ಉಳಿಸಲು 1940ರ ದಶಕದಲ್ಲಿ ಪಶ್ಚಿಮಕ್ಕೆ ಆಡಿಕ್ಸ್, ಬಾರ್ಕರ್ ಎಂಬ ಎರಡು ಮಣ್ಣಿನ ಕಟ್ಟೆ ಕಟ್ಟಿದರು. ವರ್ಷದ ಹೆಚ್ಚಿನ ಕಾಲ ಅವುಗಳ ಹಿಂದೆ ನೀರಿಲ್ಲ. ಹುಲ್ಲು, ಮರ, ಆಟದ ಬಯಲು. ಜೋರು ಮಳೆ ಬಂದಾಗ ಮಾತ್ರ ನೀರು ನಿಲ್ಲುತ್ತದೆ. ಬಾರ್ಕರ್ ಕಟ್ಟೆಯ ಹಿಂದೆ ಸಮುದ್ರಮಟ್ಟದಿಂದ ಸುಮಾರು 95 ಅಡಿ ಎತ್ತರದವರೆಗಿನ ಜಾಗ ಸರ್ಕಾರದ್ದು. ಕಟ್ಟೆ ಅದಕ್ಕಿಂತ ಹೆಚ್ಚು ನೀರು ಹಿಡಿಯಬಲ್ಲದು. ನಡುವಿನ ಜಾಗ ಖಾಸಗಿಯವರ ಕೈಯಲ್ಲಿ ಉಳಿಯಿತು. ಅಲ್ಲಿ ಬಡಾವಣೆಗಳಾದವು. ಹಾರ್ವಿಯಲ್ಲಿ ನಮ್ಮ ಸುತ್ತ ಬಿದ್ದದ್ದು ಮೂವತ್ತು ಅಂಗುಲಕ್ಕೂ ಹೆಚ್ಚು ಮಳೆ. ಆಗಸ್ಟ್ 30ರಂದು ಬಾರ್ಕರ್ ನೀರು 101 ಅಡಿ ದಾಟಿತು. ನಾವು ಕಟ್ಟೆಯ ಕೆಳಗೆ ಇರಲಿಲ್ಲ, ಕಟ್ಟೆಯ ಒಳಗಿದ್ದೆವು. ನಮ್ಮ ಮನೆಯಲ್ಲಿ ನಿಂತದ್ದು ಹೂಸ್ಟನ್‌ನ ನಡುಭಾಗಕ್ಕೆ ಹೋಗದಂತೆ ತಡೆದ ನೀರು.

ನಮ್ಮ ಕಡೆಯ ಬಡಾವಣೆಗಳ ನೋಂದಾಯಿತ ನಕ್ಷೆಯ ಮೂಲೆಯಲ್ಲಿ, ಈ ಜಾಗದಲ್ಲಿ ನೀರು ನಿಲ್ಲಿಸಬಹುದು ಎಂಬ ಸಣ್ಣಕ್ಷರದ ಟಿಪ್ಪಣಿ ಇತ್ತು. ಕೌಂಟಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಮನೆ ಮಾರಿದವರು ಅದನ್ನು ಹೇಳಲಿಲ್ಲ. ಸಹಿ ಹಾಕಿಸಿಕೊಂಡ ಕಾಗದಗಳ ಕಟ್ಟಿನಲ್ಲೂ ಅದು ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಲಯವೊಂದು, ಕಟ್ಟೆಯ ಹಿಂದಿನ ಮನೆಗಳು ಮುಳುಗಿದ್ದಕ್ಕೆ ಸರ್ಕಾರ ಹೊಣೆ ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ನಾವು ಆ ಮನೆಯನ್ನು ರಿಪೇರಿ ಮಾಡಿಸಿ, ನಷ್ಟಕ್ಕೆ ಮಾರಿದ್ದೆವು. ಕೊಂಡವರನ್ನು ಕೂರಿಸಿ ಎಲ್ಲವನ್ನೂ ಹೇಳಿದೆವು. ನಕ್ಷೆಯ ಪ್ರತಿಯನ್ನೂ ಕೊಟ್ಟೆವು.

ಹಾರ್ವಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನಾವು ನಾಲ್ವರೂ ಬದುಕಿದ್ದೇವೆ. ನಮ್ಮದು ದೊಡ್ಡ ನಷ್ಟವೆಂದು ನಾನು ಹೇಳುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವುದನ್ನು ಟಿ.ವಿ.ಯಲ್ಲಿ ನೋಡಿದೆ. ಅದಾದ ಮೇಲೆ ಊರಿನಿಂದ ಯಾರೇ ಮನೆ, ಸೈಟು ಕೊಳ್ಳುತ್ತೇವೆ ಎಂದು ಫೋನು ಮಾಡಿದರೂ ಒಂದೇ ಮಾತು ಹೇಳುತ್ತೇನೆ. ಮನೆಯ ನಕ್ಷೆ ನೋಡುವ ಮುಂಚೆ ಗ್ರಾಮ ನಕ್ಷೆ ತೆಗೆಸಿ ನೋಡಿ. ಕೆರೆ ಎಲ್ಲಿತ್ತು, ರಾಜಕಾಲುವೆ ಎಲ್ಲಿ ಹಾಯುತ್ತಿತ್ತು ಎಂದು ಅಲ್ಲಿಯ ಹಿರಿಯರನ್ನು ಕೇಳಿ. ಮಾರುವವರು ಅದನ್ನು ತಾವಾಗಿ ಹೇಳುವುದಿಲ್ಲ.